ಉಮರ್ಗಾದ ನೀರು, ಬೇಕರಿಯ ಗಾಜು

"ಬ್ರೆಡ್ಡಿಗಿ ಬುರಸಿ ಬಂದದಲ್ರೀ ಬಾಯಿ!"

ಉಮರ್ಗಾದ ನಮ್ಮ ಬೇಕರಿಯ ಮುಂದೆ ನಿಂತು ಹೀಗೆಂದವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಕುರಿಗಾಹಿ ಹಿರಿಯರೊಬ್ಬರು. ಬುರಸಿ ಎಂದರೆ ಬೂಷ್ಟು. ಬ್ರೆಡ್ಡು ಆಗಷ್ಟೇ ಒಲೆಯಿಂದ ಇಳಿದಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಒಂದು ತುಂಡು ಮುರಿದು ಅವರ ಕೈಗಿಟ್ಟೆ. ಮೂಸಿದರು, ತಿಂದರು, ಮತ್ತೆ ಗಾಜಿನತ್ತ ಬಗ್ಗಿ ನೋಡಿ ನಕ್ಕರು.

"ಬುರಸಿ ಬ್ರೆಡ್ಡಿಗಲ್ಲ ತಾಯಿ, ನಿನ್ನ ಕಾಚಕ್ಕ ಬಂದದ."

ಕಾಚ ಎಂದರೆ ಇಲ್ಲಿ ಗಾಜು. ಹೊರಗೆ ಹೋಗಿ ನೋಡಿದೆ. ಬೀದಿಗೆ ಮುಖ ಮಾಡಿದ್ದ ನಮ್ಮ ಹೊಸ ಗಾಜಿನ ಮೇಲೆಲ್ಲ ಬಿಳಿ ಚುಕ್ಕೆ, ಬಿಳಿ ಗೆರೆ. ಅದರ ಹಿಂದೆ ನನ್ನ ಬನ್ನುಗಳು ವಾರದ ಹಿಂದಿನವುಗಳಂತೆ ಕಾಣುತ್ತಿದ್ದವು. ಗಿರಾಕಿಗಳು ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಿದ್ದುದು ಯಾಕೆಂದು ಆವತ್ತು ತಿಳಿಯಿತು.

ನಾವು ಚನ್ನರಾಯಪಟ್ಟಣದ ಕಡೆಯವರು. ಬೇಕರಿ ಕಟ್ಟಿಕೊಂಡು ನಮ್ಮವರು ಹೋಗದ ಊರಿಲ್ಲ. ನಾನೂ ನನ್ನ ಗಂಡ ಮಂಜುವೂ ಹೀಗೇ ಈ ಗಡಿಯ ಊರಿಗೆ ಬಂದೆವು. ಮಹಾರಾಷ್ಟ್ರವಲ್ಲವೇ ಎಂದು ಫೋನಿನಲ್ಲಿ ನಾಲ್ಕು ಮಾತು ಮರಾಠಿ ಕಲಿತು ಬಂದಿದ್ದೆ. ಬಂದು ನೋಡಿದರೆ ಅಂಗಡಿಯ ಮಾಲಕಿ ಕನ್ನಡದವರು. ಮೇಲೆ ಅವರ ಮನೆ, ಕೆಳಗೆ ಅಂಗಡಿಗಳ ಸಾಲು, ಮೊದಲನೆಯದರಲ್ಲಿ ಅವರದೇ ಕಿರಾಣಿ ವ್ಯಾಪಾರ. ಹಣೆತುಂಬ ಈಬತ್ತಿ ಧರಿಸುವ ಆ ಅಜ್ಜಿಯನ್ನು ಊರೆಲ್ಲ ಆಯಿ ಎನ್ನುತ್ತದೆ. ಮರಾಠಿಯಲ್ಲಿ ಅಮ್ಮ ಎಂದು ಅರ್ಥ. "ನೀ ಭಾಳ ಪುಸ್ತಕದಾಗಿನ ಹಾಂಗ ಮಾತಾಡ್ತಿ" ಎಂದು ನನ್ನ ಕನ್ನಡಕ್ಕೆ ನಕ್ಕವರೂ ಅವರೇ, ಜ್ವರದಲ್ಲಿ ಮಲಗಿದಾಗ ಜೋಳದ ಗಂಜಿ ತಂದು ಕುಡಿಸಿದವರೂ ಅವರೇ. ಮಂಜುವನ್ನು ಬಿಟ್ಟರೆ ಈ ಊರಲ್ಲಿ ನನಗಿದ್ದ ಒಂದೇ ಜೀವ ಅದು.

ನಮ್ಮ ಕಡೆ ಕೆರೆ ನಾಲೆಯ ನೀರು. ಗಾಜಿಗೆ ಒಂದು ಚೊಂಬು ಸುರಿದರೆ ಕೆಲಸ ಮುಗಿಯಿತು. ಇಲ್ಲಿ ಕಪ್ಪು ನೆಲದ ಆಳದಿಂದ ಬರುವ ಬೋರಿನ ನೀರು. ಮರಾಠಿಯವರು ಜಡ ಪಾಣಿ ಎನ್ನುತ್ತಾರೆ, ಅಂದರೆ ಭಾರದ ನೀರು. ನೀರು ಆರಿಹೋದರೂ ಅದರೊಳಗಿನ ಸುಣ್ಣ ಗಾಜಿನ ಮೇಲೆ ಕೂರುತ್ತದೆ. ಅದನ್ನರಿಯದೆ ನಾನು ಊರಿನ ಅಭ್ಯಾಸದಂತೆ ಬಿಸಿಲಲ್ಲಿ ಎರಡೆರಡು ಸಲ ತೊಳೆದೆ. ತೊಳೆದಷ್ಟೂ ಬೆಳ್ಳಗಾಯಿತು. ಆಮೇಲೆ ಬೇಕರಿಯಲ್ಲಿದ್ದ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಗಾಜಿಗೆ ಅಂಟಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಉಜ್ಜಿದೆ, ಫಿಲ್ಟರ್ ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ತೇವ ಉಳಿಯದಂತೆ ಒರೆಸಿದೆ. ಗಾಜು ತಿಳಿಯಾಯಿತು. ಗೆದ್ದೆ ಎಂದುಕೊಂಡು ಮಂಜುವಿನ ಮುಂದೆ ಬೀಗಿದ್ದೂ ಆಯಿತು.

ಮರುದಿನ ಮಧ್ಯಾಹ್ನಕ್ಕೆ ಗಾಜಿನ ಕೆಳಗಿನ ಅರ್ಧ ಮತ್ತೆ ಬಿಳಿ. ಒರೆಸಿದೆ. ಅದರ ಮರುದಿನವೂ ಹಾಗೇ. ಮೇಲಿನ ಅರ್ಧ ಮಾತ್ರ ಥಳಥಳ. ವ್ಯಾಪಾರ ಇಳಿಯುತ್ತಲೇ ಇತ್ತು. ಮಂಜು ಸೋತ ದನಿಯಲ್ಲಿ, "ಭಾವ ಹಾಸನದಲ್ಲಿ ಅಂಗಡಿ ನೋಡಿದ್ದಾರಂತೆ ಕಣೆ, ಹೊರಟುಬಿಡೋಣ್ವಾ?" ಎಂದರು. ನಾನು ಬಟ್ಟೆ ಹಿಡಿದು ಮತ್ತೆ ಗಾಜಿನತ್ತ ಹೋದೆ.

ಬೆಳಗಿನ ಹೊತ್ತು ಷಟರ್ ತೆರೆದು ನಾವಿಬ್ಬರೂ ಹಿಂದೆ ಒಲೆಯ ಬಳಿ ಇರುತ್ತೇವೆ. ಒಂದು ದಿನ ಟ್ರೇ ಇಡಲು ಮುಂದೆ ಬಂದವಳು ನೋಡಿದೆ. ಆಯಿ ಬಕೆಟ್ ಹಿಡಿದು ಸಡಾ ಹೊಡೆಯುತ್ತಿದ್ದರು. ಬಾಗಿಲ ಮುಂದೆ ನೀರು ಹಾಕುವುದನ್ನು ಇಲ್ಲಿ ಹಾಗೆನ್ನುತ್ತಾರೆ. ನಾವು ಚಿಮುಕಿಸುತ್ತೇವೆ, ಇವರು ಎರಚುತ್ತಾರೆ. ಬೇರೆ ಅಂಗಡಿಗಳಿಗೆ ಒಂದೊಂದು ಬೊಗಸೆ ಸಾಕಾದರೆ ನಮ್ಮ ಮುಂದೆ ಮಾತ್ರ ತಂಬಿಗೆ ತಂಬಿಗೆ. ಗಾಜಿಗೆ ಬಡಿದ ನೀರು ಇಳಿಯುತ್ತಿತ್ತು, ಎದುರಿನಿಂದ ಮೂಡಣದ ಬಿಸಿಲು.

"ನಮಗೇ ಯಾಕೆ ಆಯಿ ಇಷ್ಟೊಂದು?"

"ನಿನ್ನ ಧಂದಾ ಮಂದ ಆಗ್ಯಾದಲ್ಲ ಯವ್ವಾ. ಲಕ್ಷ್ಮಿಗಿ ದಾರಿ ಹಸನ ಮಾಡ್ಲತ್ತೀನಿ."

ಗಿರಾಕಿ ಕಡಿಮೆಯಾದಷ್ಟೂ ಅವರು ನೀರು ಹೆಚ್ಚು ಎರಚುತ್ತಿದ್ದರು. ನೀರು ಹೆಚ್ಚಿದಷ್ಟೂ ಗಿರಾಕಿ ಕಡಿಮೆಯಾಗುತ್ತಿದ್ದರು. ಹೇಳುವುದು ಹೇಗೆ? ಬಿಸಿ ತುಪ್ಪ, ಉಗುಳಲಾರೆ, ನುಂಗಲಾರೆ. ಎರಡು ದಿನ ಒದ್ದಾಡಿ, ಕೊನೆಗೆ ಚಹಾ ಕುಡಿಯುತ್ತ ಕೂತಾಗ ಹೇಳಿಯೇಬಿಟ್ಟೆ. ಆಯಿ ಬಟ್ಟಲು ಕೆಳಗಿಟ್ಟರು.

"ನನ್ನ ಕೈಲಿಂದೇ ಆತೇನ?"

ಅಷ್ಟೇ ಕೇಳಿ ಮೆಟ್ಟಿಲು ಹತ್ತಿ ಹೋದರು.

ಮರುದಿನ ಬೆಳಗ್ಗೆ ಸಾಲಿನ ಎಲ್ಲ ಅಂಗಡಿಗಳ ಮುಂದೆ ನೆಲ ಒದ್ದೆಯಾಗಿತ್ತು. ನಮ್ಮ ಗೋಡೆಯ ಹತ್ತಿರ ಆ ಒದ್ದೆ ನಿಂತುಹೋಗಿತ್ತು. ಗಾಜು ಹೊಳೆಯುತ್ತಿತ್ತು, ಬನ್ನುಗಳು ಹೊಂಬಣ್ಣದಲ್ಲಿ ಕಾಣುತ್ತಿದ್ದವು, ಹೊತ್ತೇರುವ ಮೊದಲೇ ಗಿರಾಕಿಗಳು ಬಂದರು. ನಾನು ಬನ್ನು ಕಟ್ಟಿಕೊಡುತ್ತಲೇ ಅತ್ತುಬಿಟ್ಟೆ. ಬಾಡಿಗೆ ಕೊಟ್ಟು ಇದ್ದ ಊರಲ್ಲಿ ಅಷ್ಟು ದಿನ ನನ್ನನ್ನು ಮನೆಯವಳೆಂದು ಎಣಿಸಿದ್ದು ಆ ಎರಚಿದ ನೀರೇ ಎಂದು ಒಣ ಹೊಸ್ತಿಲು ನೋಡಿದ ಮೇಲೆ ಅರ್ಥವಾಯಿತು.

ಅದರ ಮರುದಿನ ಆಯಿ ಬಕೆಟ್ ತುಂಬುವ ಹೊತ್ತಿಗೆ ನಾನು ಹತ್ತಿಬಟ್ಟೆ ಹಿಡಿದು ಅವರ ಮುಂದೆ ನಿಂತೆ.

"ನಮ್ಮ ಮುಂದೆಯೂ ಹೊಡೀರಿ ಆಯಿ."

"ಬ್ಯಾಡ. ಕಾಚ ಕೆಡ್ತದ."

"ಒಣಗೋಕೆ ಬಿಟ್ರೆ ಕೆಡುತ್ತೆ. ನಾನು ಬಿಡಲ್ಲ. ನೀವು ಹೊಡೀರಿ, ನಾನು ಒರೆಸ್ತೀನಿ."

ಆಯಿ ನನ್ನ ಮುಖ ನೋಡಿದರು. "ಹುಚ್ಚಿ ಇದ್ದಿ ನೀ" ಎಂದರು, ಕಣ್ಣು ತುಂಬಿತ್ತು. ಕೈ ತಗ್ಗಿಸಿ ನೆಲಕ್ಕಷ್ಟೇ ಬೀಳುವಂತೆ ಎರಚಿದರು. ಆದರೂ ನಾಲ್ಕು ಹನಿ ಗಾಜಿಗೆ ಹಾರಿದವು. ಬಿಸಿಲು ಮುಟ್ಟುವ ಮೊದಲೇ ನಾನು ಒರೆಸಿದೆ. ಅಂದಿನಿಂದ ನಮ್ಮಿಬ್ಬರ ಬೆಳಗು ಆಗುವುದೇ ಹೀಗೆ. ಹಾಸನದ ಅಂಗಡಿಯ ಮಾತನ್ನು ಮಂಜು ಮತ್ತೆ ಎತ್ತಲಿಲ್ಲ.

ಮೊನ್ನೆ ತಂಗಿಯ ಮಗುವಿನ ನಾಮಕರಣಕ್ಕೆಂದು ತವರಿಗೆ ಹೋಗಿದ್ದೆ. ಹೊರಡುವಾಗ ಆಯಿ ಬಸ್ ಸ್ಟ್ಯಾಂಡಿನವರೆಗೆ ಬಂದು ಕಿಟಕಿ ಹಿಡಿದು, "ಯಾವಾಗ ಬರ್ತಿ ಯವ್ವಾ?" ಎಂದಿದ್ದರು. ತವರಲ್ಲಿ ಮೂರೇ ದಿನಕ್ಕೆ ಬೆಳಗಿನ ಹೊತ್ತು ನನ್ನ ಕೈಗೆ ಕೆಲಸವಿಲ್ಲದಂತಾಯಿತು. ಅಮ್ಮನಿಗೆ, "ನಾಳೆ ಮನೆಗೆ ಹೋಗ್ತೀನಮ್ಮ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಬಸ್ಸು ಹೊರಟಾಗ ಅವಳೂ ಕಿಟಕಿ ಹಿಡಿದು ಕೇಳಿದಳು, "ಮತ್ತೆ ಯಾವಾಗ ಬರ್ತೀಯ ಮಗಾ?"