ಚೈತ್ರಳ ಪೋಸ್ಟರಿಗೆ ನಾನು ಮೊದಲ ಓದುಗಳಾದದ್ದು

ಮಕ್ಕಳೇ, ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಅಜ್ಜಿ ಜೀವಮಾನದಲ್ಲಿ ಅತಿ ಹೆಚ್ಚು ಸಲ ಹೇಳಿದ ಸುಳ್ಳು ‘ಗೊತ್ತಾಯ್ತು’ ಎಂಬುದು. ಹೊಸನಗರದ ಕಡೆಯ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ‘ಅರ್ಥ ಆಯ್ತಾ?’ ಅಂದರೆ ಇಡೀ ತರಗತಿ ‘ಆಯ್ತು ಸಾ’ ಎಂದು ಕೂಗುತ್ತಿತ್ತು. ಇಲ್ಲ ಅಂದರೆ ಅವರಿಗೆ ಅವಮರ್ಯಾದೆ ಎಂದು ನಮ್ಮ ನಂಬಿಕೆ. ನೆಂಟರ ಮನೆಯಲ್ಲಿ ಹಸಿವಿದ್ದರೂ ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅದೇ ಜಾತಿಯ ಸಂಕೋಚ. ಬಡಿಸುವವರಿಗೆ ಅದು ತಿಳಿದಿರುತ್ತದೆ, ಕೈ ಸರಿಸಿ ಬಡಿಸುತ್ತಾರೆ. ಓದಿಸುವವರಿಗೆ ತಿಳಿಯುವುದು ಹೇಗೆ?

ಮೊನ್ನೆ ನಿಮ್ಮ ಚೈತ್ರಕ್ಕ ಕಾಲೇಜಿನ ಕನ್ನಡ ವಿಜ್ಞಾನ ಗೋಷ್ಠಿಗೆ ಪೋಸ್ಟರ್ ಮಾಡುತ್ತಿದ್ದಳು. ಉಪ್ಪಿನಲ್ಲಿ ಹಾಕಿದ ಅಪ್ಪೆಮಿಡಿ ಮಾವು ವರ್ಷಗಟ್ಟಲೆ ಕೆಡದಿರಲು ಅದರ ತೊಟ್ಟಿನ ಸೊನೆ ಎಷ್ಟು ಕಾರಣ ಎಂಬುದು ಅವಳ ಸಂಶೋಧನೆ. ವರ್ಷದ ಕೆಲಸವನ್ನು ಒಂದೇ ಹಾಳೆಗೆ ಇಳಿಸಬೇಕಂತೆ, ಎರಡು ಮಾರು ದೂರ ನಿಂತವರಿಗೂ ಓದಲು ಬರಬೇಕಂತೆ. ವಾಕ್ಯ ಕಡಿದು ಕಡಿದು ಅವಳ ಮುಖವೇ ಸಣ್ಣದಾಗಿತ್ತು. ಸಂಜೆಯೊಳಗೆ ತೀರ್ಥಹಳ್ಳಿಯ ಅಂಗಡಿಗೆ ಮುದ್ರಣಕ್ಕೆ ಕಳಿಸಬೇಕು. ತಪ್ಪು ಉಳಿದರೆ ತೀರ್ಪುಗಾರರ ಮುಂದೆ ಅವಳೊಬ್ಬಳೇ ನಿಂತು ಉತ್ತರ ಕೊಡಬೇಕು.

ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟು ನನ್ನನ್ನು ಎದುರು ನಿಲ್ಲಿಸಿದಳು. ಓದಿದೆ.

‘ಗೊತ್ತಾಯ್ತಾ ಅಜ್ಜಿ?’

‘ಹೂಂ, ಚೆಂದ ಆಗಿದೆ.’

‘ಚೆಂದ ಯಾರು ಕೇಳಿದ್ರು ಮಾರಾಯ್ತಿ? ಎಲ್ಲಿ ಗೊತ್ತಾಗ್ಲಿಲ್ಲ, ಅದನ್ನ ಹೇಳು.’

ಎಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಿಮ್ಮ ಅಜ್ಜ ಇದ್ದಾಗ ದಿನಾ ಪೇಪರ್ ಓದಿ ಹೇಳುತ್ತಿದ್ದರು. ಆದರೆ ಪಾಪ, ಗೊತ್ತಾಯಿತೋ ಇಲ್ಲವೋ ಎಂದು ಒಮ್ಮೆಯೂ ನನ್ನ ಮುಖ ನೋಡಿದವರಲ್ಲ. ನನಗೆ ಸ್ವಲ್ಪ ಧೈರ್ಯ ಬಂತು.

‘ಇಲ್ಲಿ ತೊಟ್ಟು ಮುರಿದು, ತೊಳೆದು, ಉಪ್ಪು ಹಾಕಿದ್ದು ಅಂತ ಇದ್ಯಲ್ಲೇ. ಬುಡಕ್ಕೇ ಮುರಿದ್ರೆ ಸೊನೆ ಎಲ್ಲ ಸೋರಿ ಹೋಯ್ತು. ಮತ್ತೆ ನೀನು ಅಳೆದಿದ್ದು ಎಂತದು?’

ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು. ಮಾಡುವಾಗ ಸರಿಯಾಗೇ ಮಾಡಿದ್ದಳು. ‘ಚೂರು ತೊಟ್ಟು ಉಳಿಸಿಕೊಂಡು’ ಎಂದು ಮೊದಲು ಬರೆದೂ ಇದ್ದಳು. ಜಾಗ ಸಾಲದೆ ಕತ್ತರಿಸುವಾಗ ಆ ಮಾತೇ ಹಾರಿಹೋಗಿತ್ತು.

‘ಅಯ್ಯೋ, ಮೊದ್ಲೇ ಹೇಳಕ್ಕೆ ಎಂತ ಆಗಿತ್ತು?’

‘ನೀನು ಓದಿದವಳು, ಯಾವುದೋ ಹೊಸ ಕ್ರಮ ಇರಬೌದು ಅಂದ್ಕಂಡೆ.’

ಅವಳು ನಕ್ಕಳು, ನಾನೂ ನಕ್ಕೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಇನ್ನೂ ನಾಲ್ಕು ಕಡೆ ಬೆರಳಿಟ್ಟೆ. ಕೊನೆಗೆ ಅವಳೇ ಕೈಮುಗಿದಳು: ‘ಅಂಗಡಿಯವ್ರು ಬಾಗ್ಲು ಹಾಕ್ತಾರೆ, ಇನ್ನು ಸುಮ್ನಿರು ಅಜ್ಜಿ!’

ಹಾಳೆಯ ಕೆಳಗೆ, ನೆರವಾದವರ ಸಾಲಿನಲ್ಲಿ ನನ್ನ ಹೆಸರು ಹಾಕಿದ್ದಾಳೆ. ನಾನು ಉಪಕಾರ ಮಾಡಿದೆ ಎಂದು ಅವಳ ಭಾವನೆ. ಆದರೆ ಮಿಡಿ ಹಾಕುವುದನ್ನು ನನಗೆ ಕಲಿಸಿದವರು ಎಷ್ಟೋ ಜನ. ನನಗೆ ಅದು ಬರುತ್ತದೆ ಎಂದು ನನಗೇ ತಿಳಿಸಿಕೊಟ್ಟವಳು ಇವಳೊಬ್ಬಳು.