ಗೆರೆ ಮುಟ್ಟಿಕೊಂಡು ನಿಂತ ಕೋನ್

ರೇಸಿನ ಮಧ್ಯೆ ಕಾರು ನಿಲ್ಲಿಸಿ, ಇಳಿದು, ಕೋನ್‌ಗೆ ನಮಸ್ಕಾರ ಮಾಡಿದ ಏಕೈಕ ಡ್ರೈವರ್ ಭೂಮಿಯ ಮೇಲೆ ನಾನೇ ಇರಬೇಕು.

ಹೋದ ಭಾನುವಾರ ವೈಟ್‌ಫೀಲ್ಡ್ ಆಚೆಯ ಕೆಂಪು ಮಣ್ಣಿನ ಬಯಲಿನಲ್ಲಿ ಆಟೋಕ್ರಾಸ್ ಇತ್ತು. (ಅಲ್ಲಿ ಮುಂದೆ ಏನೋ ಟೆಕ್ ಪಾರ್ಕ್ ಬರುತ್ತಂತೆ. ಸದ್ಯಕ್ಕೆ ನೀಲಗಿರಿ ಮರಗಳೂ ನಮ್ಮಂಥ ಖಾಲಿ ತಲೆಗಳೂ ಮಾತ್ರ.) ಸುತ್ತ ಸುಣ್ಣದ ಗೆರೆ ಎಳೆದು ನಿಲ್ಲಿಸಿದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಬೇಕು. ಕಡಿಮೆ ಟೈಮ್ ತಗೊಂಡವನು ಗೆದ್ದ. ನನ್ನದು ಅಕ್ಕನ ಕಾರು. ಕೀ ಕೊಡುವಾಗಲೇ ಅಕ್ಕ ಹೇಳಿದ್ದಳು: "ಎಲ್ಲಾದ್ರೂ ಗುದ್ದಿದ್ಯೋ, ಇನ್ಮೇಲೆ ಈ ಕೀ ಮುಖ ನೋಡಂಗಿಲ್ಲ."

ಬೆಳಗ್ಗೆ ಮೀಸೆಯ ಮಾರ್ಷಲ್ ಒಬ್ಬರು ಕೋನ್ ಪೆನಾಲ್ಟಿ ರೂಲ್ಸ್ ವಿವರಿಸಿದರು. ನಾನೆಲ್ಲಿ ಕೇಳಿಸಿಕೊಂಡೆ? ನೀಲಗಿರಿ ಎಲೆಗಳ ಮೇಲೆ ಮಂಜು ಕರಗುತ್ತಿತ್ತು. ಮನಸ್ಸಿನಲ್ಲಿ ನಾನಾಗಲೇ ಹಾರ ಹಾಕಿಸಿಕೊಂಡು, ಕಾರಿನ ಬಾನೆಟ್ ಮೇಲೆ ಕೂತು, ಮಾರತ್ತಹಳ್ಳಿವರೆಗೆ ಮೆರವಣಿಗೆ ಹೋಗಿದ್ದೆ. ಕಿವಿಗೆ ಬಿದ್ದದ್ದು "ಪೆನಾಲ್ಟಿ" ಅನ್ನೋ ಒಂದೇ ಪದ.

ಬಾವುಟ ಬಿತ್ತು. ಹೊರಟೆ. ಕಾರು ಓಡುತ್ತಿದೆಯೋ ತೇಲುತ್ತಿದೆಯೋ ಗೊತ್ತಾಗದ ಹಾಗೆ ಧೂಳು ಬಂಗಾರವಾಗಿ ಎದ್ದಿತು. ಆಹಾ ಅನ್ನುವಷ್ಟರಲ್ಲಿ, ಟಪ್! ಬಂಪರ್‌ಗೆ ಕೋನ್ ತಾಗಿತು.

ಅಕ್ಕನ ಮುಖ ಕಣ್ಣೆದುರು ಬಂತು. ಬ್ರೇಕ್ ಒತ್ತಿದೆ, ಇಳಿದೆ, ಗೆರೆಯವರೆಗೆ ಸರಿದಿದ್ದ ಕೋನನ್ನು ಎತ್ತಿ ಜೋಪಾನವಾಗಿ ಮಧ್ಯಕ್ಕಿಟ್ಟೆ. ಚಿಕ್ಕಂದಿನ ಅಭ್ಯಾಸ ನೋಡಿ, ಕಾಲು ತಾಗಿದ ಪುಸ್ತಕಕ್ಕೆ ಮಾಡುವ ಹಾಗೆ ಅದನ್ನು ಮುಟ್ಟಿ ಕಣ್ಣಿಗೂ ಒತ್ತಿಕೊಂಡೆ.

"ಏನ್ ಮಾಡ್ತಿದೀರಾ ಸಾರ್?" ಮಾರ್ಷಲ್ ಓಡಿ ಬಂದರು.

"ಸರಿಯಾಗಿ ಇಡ್ತಿದೀನಿ ಸಾರ್, ಸಾರಿ."

"ಅಯ್ಯೋ, ಅದು ಸರಿಯಾಗೇ ಇತ್ತಲ್ರೀ! ಬೆಳಗ್ಗೆ ಬಡ್ಕೊಂಡಿದ್ದೇನು? ಕೋನ್ ಬಿದ್ರೆ ಪೆನಾಲ್ಟಿ. ಸುಣ್ಣದ ಗೆರೆಯಿಂದ ಪೂರ್ತಿ ಆಚೆ ಹೋದ್ರೆ ಪೆನಾಲ್ಟಿ. ನಿಂತ್ಕೊಂಡು ಗೆರೆ ಮುಟ್ಟಿದ್ರೆ ಏನೂ ಇಲ್ಲ! ಹತ್ರೀ, ಟೈಮ್ ಓಡ್ತಿದೆ!"

ಕೊನೆಯ ಸ್ಥಾನ ಬಂತು. ಬಿಡಿ, ಅದಕ್ಕೂ ಪ್ರತಿಭೆ ಬೇಕು.

ಪೀಣ್ಯದ ಮನೆ ಕಡೆ ವಾಪಸ್ ಬರುವಾಗ ತಲೆಯಲ್ಲಿ ಆ ರೂಲೇ ತಿರುಗುತ್ತಿತ್ತು. ಎಷ್ಟು ಕರುಣೆಯ ಕಾನೂನು! ತಾಗಿದ್ದಕ್ಕೆಲ್ಲ ಶಿಕ್ಷೆಯಿಲ್ಲ. ಅಲುಗಾಡಿದರೂ ಮಾಫಿ. ನಮ್ಮ ಸ್ಕೂಲುಗಳಲ್ಲಿ, ಆಫೀಸುಗಳಲ್ಲಿ ಇದು ಯಾಕಿಲ್ಲ? ನಮ್ಮ ಪ್ರತಿಯೊಬ್ಬರ ಸುತ್ತಲೂ ತೆಳ್ಳನೆ ಬಿಳಿ ಗೆರೆಯೊಂದು ಹೊಳೆಯುತ್ತಿರುವ ಹಾಗೆ ಕಲ್ಪಿಸಿಕೊಳ್ಳುತ್ತಾ, ಅದೇ ಗುಂಗಿನಲ್ಲಿ ಗೇಟಿನೊಳಗೆ ಕಾರು ತಿರುಗಿಸಿದೆ.

ಟಕ್!

ಈ ಸಲ ಕೋನಲ್ಲ. ಅಕ್ಕನ ತುಳಸಿ ಕುಂಡ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕೀಗಾಗಿ ಕೈ ಚಾಚಿದಳು. ಕೀ ಇಟ್ಟೆ. ಆದರೆ ಬಾಯಿ ಸುಮ್ಮನಿರುತ್ತಾ?

"ಅಕ್ಕಾ, ರೂಲ್ಸ್ ಪ್ರಕಾರ ಕುಂಡ ಬಿದ್ದಿಲ್ಲ. ಸುತ್ತ ನೀನು ಹಾಕಿರೋ ರಂಗೋಲಿ ಗೆರೆ ಇನ್ನೂ ಮುಟ್ಕೊಂಡಿದೆ. ಪೆನಾಲ್ಟಿ ಇಲ್ಲ."

"ಯಾವನೋ ಹೇಳಿದ್ದು?"

"ಮೀಸೆ ಇರೋ ಮಾರ್ಷಲ್."

ಅಕ್ಕ ಬಗ್ಗಿ ಕೂತು ನೋಡಿದಳು. ಕುಂಡದ ಅಂಚು ಗೆರೆಯ ಮೇಲೆ ಕೂದಲೆಳೆಯಷ್ಟು ಕೂತಿತ್ತು. "ಥೂ, ಮುಟ್ಟಿದೆ ಕಣೋ," ಅಂದು ಕೀಯನ್ನು ನನ್ನ ಮೇಲೆಸೆದು ಒಳಗೆ ಹೋದಳು.

ಮಾರನೇ ದಿನ ಬೆಳಗ್ಗೆ ನೋಡುತ್ತೇನೆ, ತುಳಸಿ ಸುತ್ತಲಿನ ರಂಗೋಲಿ ಒಂದು ಗೇಣು ದೊಡ್ಡದಾಗಿತ್ತು.

ನಿಮ್ಮ ಮನೆಯಲ್ಲಿ ಗೆರೆ ದೊಡ್ಡದಾಗಿ ಎಳೆಯುವವರು ಯಾರು?