ಬಂಗೇರರು ಅಂಗಿ ತೊಡಿಸಿದ ಹಡಗು

ಹಡಗಿಗೆ ಅಂಗಿ ತೊಡಿಸಿದವರನ್ನು ನೀವು ಕಂಡಿದ್ದೀರಾ? ಇಲ್ಲ ತಾನೆ? ನಾನು ಕಂಡಿದ್ದೇನೆ. ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ನನ್ನ ಮಗನ ಮನೆಯಿಂದ ಮೂರನೆಯ ಮನೆ, ಮಲ್ಪೆಯ ಬಂಗೇರರು.

ಎಪ್ಪತ್ತೈದು ದಾಟಿದ್ದರೂ ಅವರ ಕೈ ಕಬ್ಬಿಣ. ನಮ್ಮ ಅಡುಗೆಮನೆಗೆ ಬಂದರೆ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಚಪಾತಿ ಹಿಟ್ಟು ನಾದುತ್ತಿದ್ದರು. ನಾದುತ್ತಲೇ ತಮ್ಮ ಕ್ರೂಸರ್ ಹಡಗಿನ ಕಥೆ. ಮಹಾಯುದ್ಧದಲ್ಲಿ ಟಾರ್ಪಿಡೊ ಏಟು ತಿಂದೂ ಮುಳುಗದೆ ಉಳಿದ ಅದನ್ನು ಇಂಗ್ಲಿಷರಿಂದ ನಮ್ಮ ನೌಕಾಪಡೆ ಕೊಂಡಿತ್ತಂತೆ. ಹತ್ತೊಂಬತ್ತನೆಯ ವಯಸ್ಸಿಗೆ ಇವರು ಅದರ ಬಾಯ್ಲರ್ ರೂಮಿಗೆ ಇಳಿದರು. ಉಗಿ ಪೈಪು ಮುಟ್ಟಿದರೆ ಚರ್ಮವೇ ಕಿತ್ತು ಬರುವಷ್ಟು ಬಿಸಿ. ಅದಕ್ಕೆ ಆಸ್ಬೆಸ್ಟಾಸ್ ಪುಡಿಯನ್ನು ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿ, ಬರಿಗೈಯಲ್ಲಿ ಪೈಪಿಗೆ ಮೆತ್ತಿ, ಮೇಲೆ ಬಟ್ಟೆ ಸುತ್ತಬೇಕು. ಅದೇ ಹಡಗಿನ ಅಂಗಿ.

"ಫಿರಂಗಿ ಹಾರಿಸಿದ್ರೆ ಇಡೀ ಹಡಗು ಒಮ್ಮೆ ಮೈ ಕೊಡವ್ತಿತ್ತು. ಮೇಲಿನ ಪೈಪಿಂದ ಬಿಳಿ ಹುಡಿ ಸುರೀತಿತ್ತು. ಅನ್ನದ ಮೇಲೆ ಬಿದ್ದದ್ದನ್ನು ಊದಿ ತಿಂದದ್ದುಂಟು."

ಕೆ.ಆರ್.ಎಸ್.ನ ದೋಣಿ ಬಿಟ್ಟು ಬೇರೇನೂ ಹತ್ತದವಳು ನಾನು. ಒಂದು ಊರಿನಷ್ಟು ಜನ ಕಬ್ಬಿಣದ ಹೊಟ್ಟೆಯಲ್ಲಿ ಕೂತು ಸಮುದ್ರ ಸೀಳಿಕೊಂಡು ಹೋದದ್ದನ್ನು ಕೇಳುತ್ತಾ ತೆರೆದ ಬಾಯಿ ತೆರೆದೇ ಇರುತ್ತಿತ್ತು. ಕೊನೆಗೆ ಆ ಹಡಗನ್ನು ಗುಜರಿಗೆಂದು ಒಡೆಯಲು ಎಳೆದೊಯ್ದ ದಿನ ಅವರು ಊಟ ಬಿಟ್ಟಿದ್ದರಂತೆ. ಹಡಗಿನ ತಿಥಿಯನ್ನೂ ಮಾಡಿ ಎಂದು ರೇಗಿಸಿದೆ. ಅವರು ನಗಲಿಲ್ಲ.

ಒಂದು ಚಳಿಗಾಲ ಬಂಗೇರರು ಉಸಿರು ಸಾಲದೆ ಮೆಟ್ಟಿಲ ನಡುವೆ ನಿಲ್ಲತೊಡಗಿದರು. ಇಲ್ಲಿಯವರು ಜಿಪಿ ಎನ್ನುವ ಬಡಾವಣೆಯ ಡಾಕ್ಟರು ದೊಡ್ಡಾಸ್ಪತ್ರೆಗೆ ಕಳಿಸಿದರು. ಅವರ ಮಗಳು ಸುಜಾತಳ ಜೊತೆ ನಾನೂ ಹೋದೆ. ಎದೆಯಲ್ಲಿ ನೀರು ಏಕೆ ತುಂಬುತ್ತಿದೆಯೆಂದು ತಿಳಿಯಬೇಕಿತ್ತು. ಮೊದಲು ಏನು ಕೆಲಸದಲ್ಲಿದ್ದಿರಿ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಬಂಗೇರರು ನೆಟ್ಟಗೆ ಕೂತು, ನೌಕಾಪಡೆಯ ಆಫೀಸಿನಲ್ಲಿ ಗುಮಾಸ್ತ ಎಂದರು.

ನಾನು ಸುಮ್ಮನಿರುವವಳೇ? ಬಾಯ್ಲರ್ ರೂಮ್ ಎಂದೆ, ಆಸ್ಬೆಸ್ಟಾಸ್ ಎಂದೆ. ಇಂಗ್ಲಿಷ್ ಸಾಲದೆ ಗಾಳಿಯಲ್ಲೇ ಕಲಸಿ, ಮೆತ್ತಿ ತೋರಿಸಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಆ ಪುಡಿ ಉಸಿರಲ್ಲಿ ಒಳಹೊಕ್ಕರೆ ಎಷ್ಟೋ ವರ್ಷಗಳ ಮೇಲೂ ಎದೆಯ ಕಾಯಿಲೆ ತರುತ್ತದೆ ಎಂದರು. ಸುಜಾತ ಅಪ್ಪನ ಮುಖವನ್ನೇ ನೋಡಿದಳು.

ಯುಗಾದಿಯ ಹೊತ್ತಿಗೆ ಬಂಗೇರರು ಇರಲಿಲ್ಲ. ಆದರೆ ಅಂದು ಆಸ್ಪತ್ರೆಯ ಬಾಗಿಲಲ್ಲಿ ನಡೆದ ಮಾತು ನನ್ನನ್ನು ಬಿಟ್ಟಿಲ್ಲ. ಸುಜಾತ ಕಾರು ತರಲು ಹೋಗಿದ್ದಳು. ಹಡಗಿನ ಮರ್ಯಾದೆ ಕಾಯಲು ಡಾಕ್ಟರಿಗೇ ಸುಳ್ಳು ಹೇಳುವುದಾ ಎಂದು ಕೆಣಕಿದೆ.

"ಹಡಗಿನ ಮರ್ಯಾದೆಗಲ್ಲ ಮಾರಾಯ್ರೆ," ಎಂದರು, ಉಸಿರು ಎಳೆದುಕೊಳ್ಳುತ್ತಾ. "ಹುಡಿ ಮೆತ್ತಿದ ನನ್ನ ಬಟ್ಟೆ ಒಗೆದದ್ದು ಇವಳ ಅಮ್ಮ. ಅವಳೂ ಹೀಗೇ ಉಸಿರು ಸಿಕ್ಕದೆ ಹೋದದ್ದು. ಮಗಳಿಗೆ ನಾನು ಹೇಳಿರ್ಲಿಲ್ಲ. ಇನ್ನು ಕೇಳಿದ್ರೆ, ನೀವೇ ಹೇಳಿ."